ಅಳತೆ ಟೇಪಿಗೆ ಸಿಗದ ಆಟ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ‘ಲೈನ್‌ಮನ್’ ಆಯ್ಕೆ ಹೇಗೆ?

ಅಮೆರಿಕನ್ ಫುಟ್‌ಬಾಲ್ ನೋಡೋರ ಕಣ್ಣೆಲ್ಲ ಚೆಂಡಿನ ಮೇಲೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರ ಕಡೆ ಗಮನ ಹೋಗೋದು ಕಡಿಮೆ. ಇವರೇ ಆಫೆನ್ಸಿವ್ ಲೈನ್‌ಮನ್‌ಗಳು. ಮಧ್ಯೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ನುಗ್ಗಿ ಬರುವ ಎದುರಾಳಿಯನ್ನು ತಡೆಯೋದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸೋದು ಇವರ ಕೆಲಸ.

ಕಾಲೇಜು ಆಟಗಾರರನ್ನು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿವರ್ಷ ‘ಡ್ರಾಫ್ಟ್’ನಲ್ಲಿ 7 ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನ ಆಯ್ಕೆ ತಪ್ಪಿದರೆ ತಂಡಕ್ಕೆ ವರ್ಷಗಟ್ಟಲೆ ಪೆಟ್ಟು. ಆದರೆ ಲೈನ್‌ಮನ್‌ಗೆ ಗೋಲೂ ಇಲ್ಲ, ರನ್ನೂ ಇಲ್ಲ. ಹಾಗಾದರೆ ಅಳೆಯೋದು ಹೇಗೆ?

ಮೊದಲು ಮೈಕಟ್ಟು

ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ‘ಕಂಬೈನ್’ ಶಿಬಿರದಲ್ಲಿ ಎತ್ತರ, ತೂಕ, ತೋಳಿನ ಉದ್ದ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. ಲೈನ್‌ಮನ್‌ಗಳ ವಿಷಯದಲ್ಲಿ ಅದರ ಮೊದಲ 10 ಗಜದ ವೇಗವೇ ಮುಖ್ಯ. ಸುಮಾರು 102 ಕೆ.ಜಿ. ಭಾರವನ್ನು ಎಷ್ಟು ಸಲ ಎತ್ತುತ್ತಾನೆ ಅಂತಲೂ ಎಣಿಸುತ್ತಾರೆ. ವೈದ್ಯಕೀಯ ತಪಾಸಣೆ, ಸಂದರ್ಶನವೂ ಇದೆ.

ಟ್ಯಾಕಲ್‌ಗೆ 33 ಇಂಚಿಗಿಂತ ಉದ್ದದ ತೋಳು ಬೇಕು ಅನ್ನೋದು ಹಳೆಯ ಲೆಕ್ಕ. ಎದುರಾಳಿಯ ಎದೆಗೆ ಮೊದಲು ಕೈ ತಾಗಿಸಿದವನೇ ಮೇಲುಗೈ. 2025ರಲ್ಲಿ ಎಲ್‌ಎಸ್‌ಯು ಕಾಲೇಜಿನ ವಿಲ್ ಕ್ಯಾಂಪ್‌ಬೆಲ್ ತೋಳು ಕಂಬೈನ್‌ನಲ್ಲಿ 33 ಇಂಚಿಗಿಂತ ತುಸು ಕಡಿಮೆ ಬಂತು. ಇವನನ್ನು ಟ್ಯಾಕಲ್ ಮಾಡಬೇಕೋ, ಒಳಗಿನ ಗಾರ್ಡ್ ಮಾಡಬೇಕೋ ಅಂತ ದೊಡ್ಡ ಚರ್ಚೆಯೇ ನಡೆಯಿತು. ಆದರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ 4ನೇ ಆಯ್ಕೆಯಾಗಿ ಅವನನ್ನೇ ತೆಗೆದುಕೊಂಡಿತು.

ಆಮೇಲೆ ವಿಡಿಯೊ

ಎತ್ತು ಕೊಳ್ಳೋರು ಹಲ್ಲು ನೋಡ್ತಾರೆ, ಆದರೆ ಗಾಡಿಗೆ ಕಟ್ಟಿ ನೋಡಿದ ಮೇಲೇ ದುಡ್ಡು ಎಣಿಸೋದು. ಇಲ್ಲೂ ಅಷ್ಟೇ. ಪರಿಣತರು ಆಟದ ವಿಡಿಯೊ ಹಾಕಿ ಇಷ್ಟನ್ನು ಗಮನಿಸುತ್ತಾರೆ:

* ಕಾಲು: ಹಿಂದೆ ಸರಿಯುವಾಗ ಕಾಲು ಅಡ್ಡಾದಿಡ್ಡಿ ಆಗುತ್ತಾ, ಸಮತೋಲನ ಉಳಿಯುತ್ತಾ?
* ಬಾಗು: ಮಂಡಿ ಬಗ್ಗಿಸಿ ತಗ್ಗಿ ನಿಲ್ತಾನಾ, ಸೊಂಟದಲ್ಲಿ ಮುಗ್ಗರಿಸ್ತಾನಾ?
* ಕೈ: ಎದುರಾಳಿಯ ಎದೆಗೆ ಸರಿಯಾಗಿ ಬೀಳುತ್ತಾ?
* ಬುದ್ಧಿ: ಇಬ್ಬರು ಎದುರಾಳಿಗಳು ಜಾಗ ಬದಲಿಸಿ ನುಗ್ಗಿದರೆ ಗುರುತಿಸ್ತಾನಾ?
* ಚೇತರಿಕೆ: ಒಮ್ಮೆ ಸೋತ ಮೇಲೂ ಮತ್ತೆ ಅಡ್ಡ ನಿಲ್ತಾನಾ?

ಎದುರಿಗಿದ್ದವನು ಯಾರು ಅನ್ನೋದನ್ನೂ ನೋಡಬೇಕು. ದುರ್ಬಲನನ್ನು ಕೆಡವಿದ್ದು ದೊಡ್ಡದಲ್ಲ. ಕೆಲವು ಕಾಲೇಜು ತಂಡಗಳು ಚೆಂಡನ್ನು ಬೇಗ ಎಸೆದುಬಿಡುತ್ತವೆ. ಅಲ್ಲಿನ ಲೈನ್‌ಮನ್‌ಗೆ ಹೆಚ್ಚು ಹೊತ್ತು ತಡೆದು ಗೊತ್ತಿರೋದಿಲ್ಲ.

ಎರಡು ಪಾಠಗಳು

1989ರಲ್ಲಿ ಮಿಷಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್‌ನ ದೈತ್ಯ ಮೈಕಟ್ಟಿಗೆ ಎಲ್ಲರೂ ಬೆರಗಾದರು. ಗ್ರೀನ್ ಬೇ ಪ್ಯಾಕರ್ಸ್ 2ನೇ ಆಯ್ಕೆಯಾಗಿ ತೆಗೆದುಕೊಂಡಿತು. ನಿರೀಕ್ಷೆ ಪೂರ್ತಿ ಸುಳ್ಳಾಯಿತು. ಕಾಲೇಜಿನಲ್ಲಿ ಸ್ಟೀರಾಯ್ಡ್ ಬಳಸಿದ್ದನ್ನು ಅವನೇ ಮುಂದೆ ಒಪ್ಪಿಕೊಂಡ. ಆ ವರ್ಷದ ಮೊದಲ ಐದು ಆಯ್ಕೆಗಳಲ್ಲಿ ಉಳಿದ ನಾಲ್ವರೂ ‘ಹಾಲ್ ಆಫ್ ಫೇಮ್’ ಸೇರಿದರು.

2011ರಲ್ಲಿ ಸಿನ್ಸಿನಾಟಿಯ ಜೇಸನ್ ಕೆಲ್ಸಿ ಕಥೆ ಉಲ್ಟಾ. ಸ್ಕಾಲರ್‌ಶಿಪ್ ಇಲ್ಲದೆ ಕಾಲೇಜು ತಂಡ ಸೇರಿ, ಬೇರೆ ಜಾಗದಲ್ಲಿ ಆಡಿ, ಆಮೇಲೆ ಲೈನ್‌ಮನ್ ಆದವನು. ತೂಕ ಸುಮಾರು 127 ಕೆ.ಜಿ., ಸೆಂಟರ್‌ಗೆ ಕಡಿಮೆ ಅಂತ ಲೆಕ್ಕ. ಫಿಲಡೆಲ್ಫಿಯಾ ಈಗಲ್ಸ್ 191ನೇ ಆಯ್ಕೆಯಾಗಿ ತೆಗೆದುಕೊಂಡಿತು. ಚುರುಕು ಕಾಲು, ಆಟ ಓದುವ ಬುದ್ಧಿ ನಂಬಿ 13 ಸೀಸನ್ ಆಡಿದ, ಸೂಪರ್ ಬೌಲ್ ಗೆದ್ದ, 6 ಬಾರಿ ಲೀಗ್‌ನ ಅತ್ಯುತ್ತಮರ ಮೊದಲ ಪಟ್ಟಿ ಸೇರಿದ.

ಅಳತೆ ಬೇಡ ಅಂತಲ್ಲ. ಯಾರನ್ನು ಗಮನಿಸಬೇಕು ಅಂತ ಟೇಪು ತೋರಿಸುತ್ತೆ. ಯಾರನ್ನು ಆರಿಸಬೇಕು ಅನ್ನೋದನ್ನು ಆಟವೇ ಹೇಳಬೇಕು.