ಸ್ಟ್ರಾನ್ಷಿಯಂ ರುಥೆನೇಟ್‌ನ ಅತಿವಾಹಕತೆ: ಸ್ಫಟಿಕದೋಷ ಮತ್ತು ವಿಕೃತಿಯ ಪ್ರಭಾವ

ಸ್ಟ್ರಾನ್ಷಿಯಂ ರುಥೆನೇಟ್: ಎರಡು ಸ್ಟ್ರಾನ್ಷಿಯಂ, ಒಂದು ರುಥೇನಿಯಂ, ನಾಲ್ಕು ಆಕ್ಸಿಜನ್ ಪರಮಾಣುಗಳ ಅನುಪಾತದಲ್ಲಿ ಪದರಪದರವಾಗಿ ಕಟ್ಟಿಕೊಂಡ ಆಕ್ಸೈಡ್. ಶುದ್ಧ ಹರಳು ಸುಮಾರು 1.5 ಕೆಲ್ವಿನ್ ತಾಪದಲ್ಲಿ ಅತಿವಾಹಕವಾಗುತ್ತದೆ. ಈ ಗುಣವನ್ನು 1994ರಲ್ಲಿ ಜಪಾನಿನ ಯೊಶಿತೆರು ಮಾಯೆನೊ ಮತ್ತು ಸಂಗಡಿಗರು ಪ್ರಕಟಿಸಿದರು. ತಾಮ್ರದ ಆಕ್ಸೈಡ್ ಅತಿವಾಹಕಗಳಂಥದೇ ರಚನೆಯಿದ್ದು ತಾಮ್ರವೇ ಇಲ್ಲದ ವಸ್ತುವೊಂದರಲ್ಲಿ ಅತಿವಾಹಕತೆ ಕಂಡುಬಂದದ್ದು ಅದೇ ಮೊದಲು. ಹರಳಿನಲ್ಲಿರುವ ಅತ್ಯಲ್ಪ ದೋಷ ಇಲ್ಲಿ ಅತಿವಾಹಕತೆಯನ್ನು ಅಳಿಸುತ್ತದೆ. ಅತ್ಯಲ್ಪ ಹಿಸುಕುವಿಕೆ ಅದರ ಕ್ರಾಂತಿಕ ತಾಪವನ್ನು, ಎಂದರೆ ಅತಿವಾಹಕತೆ ಆರಂಭವಾಗುವ ತಾಪವನ್ನು, ಎರಡು ಪಟ್ಟಿಗೂ ಮೀರಿ ಏರಿಸುತ್ತದೆ. ಆದ್ದರಿಂದ ಅಸಾಂಪ್ರದಾಯಿಕ ಅತಿವಾಹಕತೆಯಲ್ಲಿ ದೋಷ ಮತ್ತು ವಿಕೃತಿಗಳ ಪಾತ್ರವನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

ಹಿನ್ನೆಲೆ

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಕೂಪರ್ ಜೋಡಿಗಳಾಗಿ ಚಲಿಸುತ್ತವೆ. ಸೀಸ, ಅಲ್ಯೂಮಿನಿಯಂನಂಥ ಸಾಂಪ್ರದಾಯಿಕ ಅತಿವಾಹಕಗಳಲ್ಲಿ ಜೋಡಿಯ ತರಂಗಫಲನಕ್ಕೆ ಎಲ್ಲ ದಿಕ್ಕಿನಲ್ಲೂ ಒಂದೇ ಚಿಹ್ನೆ. ಕಾಂತಗುಣವಿಲ್ಲದ ಕಲ್ಮಶಗಳು ಎಲೆಕ್ಟ್ರಾನನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಚದುರಿಸಿದರೂ ಜೋಡಿಗೆ ಧಕ್ಕೆಯಾಗದು. 1959ರಲ್ಲಿ ಫಿಲಿಪ್ ಆಂಡರ್ಸನ್ ಇದನ್ನು ಪ್ರಮೇಯವಾಗಿ ಮಂಡಿಸಿದರು. ಅಸಾಂಪ್ರದಾಯಿಕ ಅತಿವಾಹಕದಲ್ಲಾದರೋ ಚಿಹ್ನೆ ದಿಕ್ಕಿನೊಡನೆ ಬದಲಾಗುತ್ತದೆ. ಚದುರಿಕೆ ಧನ ಭಾಗವನ್ನೂ ಋಣ ಭಾಗವನ್ನೂ ಬೆರೆಸಿ, ಜೋಡಿಕೆಯನ್ನೇ ಕುಗ್ಗಿಸುತ್ತದೆ. ಸಾಂಪ್ರದಾಯಿಕ ಅತಿವಾಹಕದಲ್ಲಿ ಕಾಂತೀಯ ಕಲ್ಮಶಗಳು ಮಾಡುವ ಹಾನಿಯನ್ನು 1960ರಲ್ಲಿ ಅಬ್ರಿಕೊಸೊವ್ ಮತ್ತು ಗೋರ್ಕೊವ್ ಲೆಕ್ಕ ಹಾಕಿದ್ದರು. ಅಸಾಂಪ್ರದಾಯಿಕ ಅತಿವಾಹಕದಲ್ಲಿ ಅದೇ ಬಗೆಯ ಹಾನಿಯನ್ನು ಯಾವುದೇ ಕಲ್ಮಶ ಮಾಡಬಲ್ಲದು.

ದೋಷಗಳ ಪ್ರಭಾವ

ಈ ವಸ್ತುವಿನ ದೊಡ್ಡ ಹರಳುಗಳನ್ನು ದ್ರವವಲಯ ಸರಿಯುವ ಕುಲುಮೆಯಲ್ಲಿ ಬೆಳೆಸುತ್ತಾರೆ. ಕರಗಿದಾಗ ರುಥೇನಿಯಂ ಆಕ್ಸೈಡ್ ಆವಿಯಾಗಿ ಹೋಗುವುದರಿಂದ ಆರಂಭದಲ್ಲೇ ಹೆಚ್ಚು ರುಥೇನಿಯಂ ಬೆರೆಸಬೇಕು. ಲೆಕ್ಕ ತಪ್ಪಿದರೆ ಪರಮಾಣುಗಳ ಕೊರತೆಯೋ ಲೋಹದ ಸೇರ್ಪಡೆಗಳೋ ಹರಳಿನಲ್ಲಿ ಉಳಿಯುತ್ತವೆ.

ಆಂಡ್ರ್ಯೂ ಮೆಕೆಂಜಿ ಮತ್ತು ಸಂಗಡಿಗರು 1998ರಲ್ಲಿ ಭಿನ್ನ ಶುದ್ಧತೆಯ ಹರಳುಗಳನ್ನು ಹೋಲಿಸಿದರು. ಅತಿ ಕಡಿಮೆ ತಾಪದಲ್ಲೂ ಉಳಿಯುವ ರೋಧಶೀಲತೆ ಹರಳಿನ ದೋಷಕ್ಕೆ ಅಳತೆಗೋಲು. ಅದು ಸುಮಾರು 1 ಮೈಕ್ರೊಓಮ್-ಸೆಂಟಿಮೀಟರ್ ಮುಟ್ಟುವಷ್ಟರಲ್ಲಿ ಅತಿವಾಹಕತೆ ಪೂರ್ತಿ ಮಾಯವಾಗಿತ್ತು. ಇದು ತೀರ ಚಿಕ್ಕ ಮೌಲ್ಯ. ಕಾರಣ ಜೋಡಿಯ ಹರವಿನಲ್ಲಿದೆ: ಪದರದೊಳಗೆ ಅದು ಸುಮಾರು 66 ನ್ಯಾನೋಮೀಟರ್, ಎಂದರೆ 0.387 ನ್ಯಾನೋಮೀಟರ್ ಬದಿಯ ಜಾಲಕಕೋಶಗಳು ಸುಮಾರು 170 ಸಾಲಾಗಿ ನಿಂತಷ್ಟು ದೂರ. ಎಲೆಕ್ಟ್ರಾನು ಚದುರದೆ ಸಾಗುವ ಸರಾಸರಿ ದೂರ ಈ ಹರವಿನ ಮಟ್ಟಕ್ಕೆ ಇಳಿದರೆ ಜೋಡಿ ಉಳಿಯದು. ತಾಮ್ರದ ಆಕ್ಸೈಡುಗಳಲ್ಲಿ ಜೋಡಿಯ ಹರವು ಕೆಲವೇ ನ್ಯಾನೋಮೀಟರ್ ಆದ್ದರಿಂದ ಅವು ಹೆಚ್ಚು ದೋಷವನ್ನು ತಾಳಿಕೊಳ್ಳುತ್ತವೆ.

ವಿಕೃತಿಯ ಪ್ರಭಾವ

ಹೊರಬಲಕ್ಕೆ ಸಿಕ್ಕ ಜಾಲಕದ ಅಳತೆಯಲ್ಲಾಗುವ ಸಾಪೇಕ್ಷ ಬದಲಾವಣೆಯೇ ವಿಕೃತಿ. ದೋಷದಂತೆ ಇದು ಎಲೆಕ್ಟ್ರಾನನ್ನು ಅಡ್ಡಾದಿಡ್ಡಿ ಚದುರಿಸುವುದಿಲ್ಲ. ಹರಳಿನ ಶುದ್ಧತೆಯನ್ನು ಕಾಯ್ದುಕೊಂಡೇ ಅದರ ಸಮಮಿತಿಯನ್ನು ಬದಲಿಸುತ್ತದೆ. ಕ್ಲಿಫರ್ಡ್ ಹಿಕ್ಸ್ ಮತ್ತು ಸಂಗಡಿಗರು ಪೀಜೋವಿದ್ಯುತ್ ಸಾಧನದಿಂದ ಕಡ್ಡಿಯಂಥ ತೆಳು ಹರಳುಗಳನ್ನು ಒಂದೇ ದಿಕ್ಕಿನಲ್ಲಿ ಎಳೆದೂ ಹಿಸುಕಿಯೂ ನೋಡಿದರು. ರುಥೇನಿಯಂ–ಆಕ್ಸಿಜನ್ ಬಂಧಗಳ ದಿಕ್ಕಿನಲ್ಲಿ ಎಳೆದರೂ ಹಿಸುಕಿದರೂ ಕ್ರಾಂತಿಕ ತಾಪ ಏರುತ್ತದೆಯೆಂದು 2014ರಲ್ಲಿ ವರದಿ ಮಾಡಿದರು. ಕರ್ಣದ ದಿಕ್ಕಿನಲ್ಲಿ ಪರಿಣಾಮ ತೀರ ಕಡಿಮೆ.

2017ರಲ್ಲಿ ಇನ್ನಷ್ಟು ಬಲ ಹೇರಿದಾಗ ಕ್ರಾಂತಿಕ ತಾಪ 3.4 ಕೆಲ್ವಿನ್ ಮುಟ್ಟಿ, ಆಮೇಲೆ ಕಡಿದಾಗಿ ಇಳಿಯಿತು. ಶಿಖರ ಇರುವುದು ಸುಮಾರು 0.7 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ. ಆಗ ಹರಳು ಕುಗ್ಗಿರುವುದು ಶೇಕಡಾ ಒಂದಕ್ಕಿಂತ ಕಡಿಮೆ. ಅಷ್ಟರಲ್ಲೇ ಗಾಮಾ ಎಂಬ ಫರ್ಮಿ ಮೇಲ್ಮೈ (ಎಲೆಕ್ಟ್ರಾನುಗಳು ತುಂಬಿದ ಸಂವೇಗಸ್ಥಿತಿಗಳ ಎಲ್ಲೆ) ಬ್ರಿಲ್ವಾ ವಲಯದ, ಎಂದರೆ ಸಂವೇಗ ಅವಕಾಶದ ಮೂಲಕೋಶದ, ಅಂಚನ್ನು ಮುಟ್ಟಿ ತನ್ನ ಆಕಾರ ಬದಲಿಸುತ್ತದೆ. ಆ ಬಿಂದುವಿನಲ್ಲಿ ಎಲೆಕ್ಟ್ರಾನುಗಳ ಸ್ಥಿತಿಸಾಂದ್ರತೆ ಹಠಾತ್ತನೆ ಹೆಚ್ಚುತ್ತದೆ. ಇದನ್ನು ವಾನ್ ಹೋವ್ ಏಕತ್ವ ಎನ್ನುತ್ತಾರೆ.

ದೋಷವೇ ವಿಕೃತಿಯಾದಾಗ

ಎಲ್ಲ ದೋಷವೂ ಮಾರಕವಲ್ಲ. ಹೆಚ್ಚಾದ ರುಥೇನಿಯಂ ಸೂಕ್ಷ್ಮ ಲೋಹದ್ವೀಪಗಳಾಗಿ ಉಳಿದ ಹರಳುಗಳಲ್ಲಿ ಅತಿವಾಹಕತೆಯ ಕುರುಹು 3 ಕೆಲ್ವಿನ್ ಸುಮಾರಿಗೇ ತೋರುತ್ತದೆಂದು 1998ರಲ್ಲಿ ಗೊತ್ತಾಯಿತು. ಶುದ್ಧ ರುಥೇನಿಯಂನ ಕ್ರಾಂತಿಕ ತಾಪ ಕೇವಲ 0.49 ಕೆಲ್ವಿನ್. ಹಾಗಾಗಿ ಏರಿಕೆ ಆ ಲೋಹದ ಕೊಡುಗೆಯಲ್ಲ, ದ್ವೀಪದ ಸುತ್ತ ಜಾಲಕ ಜಗ್ಗಿದ್ದರ ಫಲ ಎಂಬ ವಿವರಣೆಗೆ ಮುಂದಿನ ವಿಕೃತಿ ಪ್ರಯೋಗಗಳು ಬಲ ಕೊಟ್ಟವು. ಪರಮಾಣುಸಾಲು ತಪ್ಪಿದ ರೇಖಾದೋಷಗಳ ಬಳಿಯೂ ಇಂಥ ಏರಿಕೆಯನ್ನು 2013ರಲ್ಲಿ ಗುರುತಿಸಲಾಯಿತು. ಚದುರಿಸುವ ದೋಷ ಜೋಡಿಯನ್ನು ಒಡೆಯುತ್ತದೆ. ಅದರ ಸುತ್ತಲ ಬಿಗಿತ ಜೋಡಿಕೆಯನ್ನು ಬಲಪಡಿಸಬಹುದು.

ಜೋಡಿಯ ಸ್ವರೂಪದ ಪ್ರಶ್ನೆ

ಎರಡು ಎಲೆಕ್ಟ್ರಾನುಗಳ ಸ್ಪಿನ್ ಸಮಾಂತರವಾಗಿರುವ ತ್ರಿಕ ಜೋಡಿ ಇದರಲ್ಲಿದೆಯೆಂದು 1995ರಿಂದ ವ್ಯಾಪಕವಾಗಿ ನಂಬಲಾಗಿತ್ತು. ಆದರೆ ಆ ಸಿದ್ಧಾಂತ ಕ್ರಾಂತಿಕ ತಾಪದಲ್ಲಿ ನಿರೀಕ್ಷಿಸಿದ ಚೂಪು ತಿರುವು ಶೂನ್ಯ ವಿಕೃತಿಯ ಬಳಿ ಕಾಣಿಸಲಿಲ್ಲ. 2019ರಲ್ಲಿ ಸ್ಟುವರ್ಟ್ ಬ್ರೌನ್ ಅವರ ತಂಡ, ನ್ಯೂಕ್ಲಿಯ ಕಾಂತೀಯ ಅನುರಣನದ ಹಿಂದಿನ ಅಳತೆಗಳಲ್ಲಿ ರೇಡಿಯೊ ಮಿಡಿತಗಳೇ ಹರಳನ್ನು ಬಿಸಿ ಮಾಡಿದ್ದವೆಂದು ತೋರಿಸಿ, ಆ ನಂಬಿಕೆಯ ಮುಖ್ಯ ಆಧಾರವನ್ನು ತೆಗೆದುಹಾಕಿತು.

2021ರ ಮ್ಯುವಾನ್ ಪ್ರಯೋಗಗಳಲ್ಲಿ ಏಕದಿಕ್ಕಿನ ಒತ್ತಡ ಅತಿವಾಹಕತೆ ಆರಂಭವಾಗುವ ತಾಪವನ್ನೂ ಕಾಲಸಮಮಿತಿ (ಕಾಲವನ್ನು ಹಿಮ್ಮುಖಗೊಳಿಸಿದರೂ ಬದಲಾಗದ ಗುಣ) ಮುರಿಯುವ ತಾಪವನ್ನೂ ಬೇರ್ಪಡಿಸಿತು. ಎಲ್ಲ ಕಡೆಯಿಂದ ಸಮನಾಗಿ ಒತ್ತಿದಾಗ, ಅಥವಾ ಕಲ್ಮಶ ಬೆರೆಸಿದಾಗ, ಎರಡೂ ಜೊತೆಯಾಗಿಯೇ ಸರಿದವು. ಜಾಲಕದ ಸಮಮಿತಿಯನ್ನು ಮುರಿಯುವುದಕ್ಕೂ ಜೋಡಿಕೆಯನ್ನು ಬರಿದೆ ದುರ್ಬಲಗೊಳಿಸುವುದಕ್ಕೂ ಇರುವ ಅಂತರ ಇಲ್ಲಿ ನೇರವಾಗಿ ಕಾಣುತ್ತದೆ. ಜೋಡಿಯ ನಿಖರ ಸ್ವರೂಪ ಇನ್ನೂ ಚರ್ಚೆಯಲ್ಲಿದೆ.

ಮಹತ್ವ

ವಿಕೃತಿಯ ಈ ವಿಧಾನ ಈಗ ಬೇರೆ ವಸ್ತುಗಳಿಗೂ ಹಬ್ಬಿದೆ. ಲ್ಯಾಂಥನಂ–ನಿಕಲ್ ಆಕ್ಸೈಡೊಂದರ ಹರಳು ಸುಮಾರು 14 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ 80 ಕೆಲ್ವಿನ್ ಬಳಿ ಅತಿವಾಹಕವಾಗುವುದು 2023ರಲ್ಲಿ ತಿಳಿಯಿತು. ಅದೇ ವಸ್ತುವಿನ ತೆಳುಪೊರೆಯನ್ನು ಕಿರಿದಾದ ಜಾಲಕವಿರುವ ತಳಹರಳಿನ ಮೇಲೆ ಬೆಳೆಸಿ ಕುಗ್ಗಿಸಿದಾಗ ಹೊರ ಒತ್ತಡವಿಲ್ಲದೆಯೇ 40 ಕೆಲ್ವಿನ್ ಸುಮಾರಿಗೆ ಅತಿವಾಹಕತೆ ಕಾಣಿಸಿಕೊಂಡಿತು. ಶುದ್ಧ ಹರಳನ್ನು ಬೆಳೆಸುವ ಕೌಶಲ ಮತ್ತು ಅದನ್ನು ಅಳತೆಗೆ ತಕ್ಕಂತೆ ಬಗ್ಗಿಸುವ ಕೌಶಲ ಒಂದಕ್ಕೊಂದು ಪೂರಕ: ಮೊದಲನೆಯದಿಲ್ಲದೆ ಎರಡನೆಯದರ ಫಲಿತಾಂಶವನ್ನು ದೋಷದ ಪರಿಣಾಮದಿಂದ ಬೇರ್ಪಡಿಸಿ ಓದಲಾಗದು.