ಎರಡು ದಿನಾಂಕ, ನಾಲ್ಕು ಕಂಠ

ಸದ್ಭಕ್ತರೆ, ನಮ್ಮ ಹುಣಸಗಿ ಸೀಮೆಯಲ್ಲಿ ಹಿರಿಯರ ಪುಣ್ಯಸ್ಮರಣೆಯನ್ನು ತಿಥಿ ನೋಡಿ ಆಚರಿಸುವುದು ರೂಢಿ. ಈ ಸಲ ತಿಥಿಯನ್ನು ಬದಿಗಿರಿಸಿ ಬರಿಯ ತಾರೀಖನ್ನು ನೋಡಿರಿ. ನಾಡಿನ ಸಂಗೀತ ಚರಿತ್ರೆಯಲ್ಲಿ ಸೆಪ್ಟೆಂಬರ್ 12 ಮತ್ತು ಜುಲೈ 21 ಎದ್ದು ಕಾಣುತ್ತವೆ.

1952ರ ಸೆಪ್ಟೆಂಬರ್ 12ರಂದು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಪುಣೆಯಲ್ಲಿ ಕಾಲವಾದರು. ಸರಿಯಾಗಿ 40 ವರ್ಷಗಳ ತರುವಾಯ, 1992ರ ಅದೇ ದಿನ, ಮಲ್ಲಿಕಾರ್ಜುನ ಮನಸೂರರು ಧಾರವಾಡದಲ್ಲಿ ಲಿಂಗೈಕ್ಯರಾದರು. ಮೊದಲಿನವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಮನಸೂರರು ಮಿರಜದ ನೀಲಕಂಠಬುವಾ ಅವರಲ್ಲಿ ಕಲಿತು, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರಿಂದ ಜೈಪುರ ಘರಾಣೆಯ ವಿದ್ಯೆ ಪಡೆದರು. ಶರಣರ ವಚನಗಳನ್ನು ರಾಗಗಳಲ್ಲಿ ಹಾಡಿ ಕೇಳುಗರ ಮನಕ್ಕೆ ಮುಟ್ಟಿಸಿದರು.

ಇನ್ನು ಜುಲೈ 21. 1991ರಲ್ಲಿ ಆ ದಿನ ಬಸವರಾಜ ರಾಜಗುರುಗಳು ಲಿಂಗೈಕ್ಯರಾದರು. 2009ರಲ್ಲಿ ಅದೇ ದಿನ ಗಂಗೂಬಾಯಿ ಹಾನಗಲ್ಲರು 96ರ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಇಬ್ಬರ ಬಾಲ್ಯಕ್ಕೂ ಹೋಲಿಕೆಯಿಲ್ಲ. ಯಲಿವಾಳದ ಬಾಲಕ ಬಸವರಾಜರನ್ನು ಪಂಚಾಕ್ಷರ ಗವಾಯಿಗಳು ಶಿಷ್ಯನನ್ನಾಗಿ ಸ್ವೀಕರಿಸಿ ಬೆಳೆಸಿದರು. 1936ರಲ್ಲಿ ಹಂಪಿಯ ವಿಜಯನಗರ ಉತ್ಸವದಲ್ಲಿ ಶಿಷ್ಯನು ಮೊದಲ ಕಛೇರಿ ಮಾಡಿದಾಗ ಗುರುಗಳೇ ತಬಲಾ ನುಡಿಸಿದರು. ಗಂಗೂಬಾಯಿಯವರು ಸಮಾಜದ ಕೀಳುನೋಟವನ್ನು ಸಹಿಸಿದ ಹಾಡುಗಾರ್ತಿಯರ ಮನೆತನದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳು ಹಿಂದೂಸ್ತಾನಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು.

ಅಲ್ಲಿ ಅವರಿಗೆ ಕಲಿಸಿದವರು ಯಾರು ಬಲ್ಲಿರಾ? ಸೆಪ್ಟೆಂಬರ್ 12ರ ಆ ಸವಾಯಿ ಗಂಧರ್ವರೇ. ರಾಜಗುರುಗಳೂ ಪಂಚಾಕ್ಷರ ಗವಾಯಿಗಳ ಶಿಕ್ಷಣದ ತರುವಾಯ ಅವರಲ್ಲಿ ಕಲಿತವರೇ. ಎಂದ ಮೇಲೆ ಜುಲೈ 21 ಒಬ್ಬನೇ ಗುರುವಿನ ಇಬ್ಬರು ಶಿಷ್ಯರ ದಿನ.

ತಾರೀಖುಗಳು ಕೂಡಿದ್ದು ಕಾಕತಾಳೀಯ. ಅದರಲ್ಲಿ ಪವಾಡವನ್ನು ಹುಡುಕಬೇಕಿಲ್ಲ. ಆದರೆ ಮುಸಲ್ಮಾನ ಉಸ್ತಾದರು, ಮಠದ ಗವಾಯಿಗಳು, ಜಂಗಮರ ಮಗ, ಹಾಡುಗಾರ್ತಿಯ ಮಗಳು ಒಂದೇ ವಿದ್ಯೆಯಲ್ಲಿ ಕೂಡಿದ್ದು ಆಕಸ್ಮಿಕವಲ್ಲ. ಕಲಿಸುವವರು ಕುಲವನ್ನು ಕೇಳಲಿಲ್ಲ. ಕಲಿಯುವವರು ದೂರವನ್ನು ಎಣಿಸಲಿಲ್ಲ. ಇಬ್ಬರಲ್ಲಿ ಒಬ್ಬರು ಹಿಂಜರಿದಿದ್ದರೂ ಈ ಕಂಠಗಳು ನಮಗೆ ಕೇಳಿಸುತ್ತಿರಲಿಲ್ಲ.

ಆದುದರಿಂದ ಈ ಎರಡು ದಿನ ಹುಣಸಗಿ, ಕೊಡೇಕಲ್, ನಾರಾಯಣಪುರದ ಮಕ್ಕಳನ್ನು ಒಂದೆಡೆ ಕೂಡಿಸಿರಿ. ಈ ಮಹನೀಯರ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿ, ಒಂದು ವಚನವನ್ನು ಸ್ವರ ತಪ್ಪದೆ ಹಾಡಲು ಕಲಿಸಿರಿ. ಯಾರ ಮಗುವೆಂದು ಮಾತ್ರ ಕೇಳಬೇಡಿರಿ.