ಲಕೋಟೆಯ ಹೊರಮೈ

1976ರ ಮಾರ್ಚ್. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ದರೋಡೆಗೊಳಗಾದ ಮಹಿಳೆಯೊಬ್ಬರಿಗೆ ಬೆದರಿಕೆಯ ಕರೆಗಳು ಬರತೊಡಗಿದವು. ದೋಚಿದವನು ತಾನೇ ಎಂದು ಆ ಕಡೆಯವನು ಹೇಳುತ್ತಿದ್ದ. ಪೊಲೀಸರಿಗೆ ಒಬ್ಬನ ಮೇಲೆ ಅನುಮಾನ ಬಂತು. ಅವರು ಅವನ ಮಾತನ್ನು ಕದ್ದು ಕೇಳಲಿಲ್ಲ. ಟೆಲಿಫೋನ್ ಕಂಪನಿಯ ಕಚೇರಿಯಲ್ಲಿ, ವಾರಂಟ್ ಇಲ್ಲದೆಯೇ, ‘ಪೆನ್ ರಿಜಿಸ್ಟರ್’ ಎಂಬ ಯಂತ್ರ ಕೂರಿಸಿದರು. ಅವನು ಡಯಲ್ ಮಾಡಿದ ಸಂಖ್ಯೆಗಳನ್ನಷ್ಟೇ ಅದು ದಾಖಲಿಸುತ್ತಿತ್ತು. ಆ ಮಹಿಳೆಯ ಮನೆಯ ಸಂಖ್ಯೆ ಅದರಲ್ಲಿ ಸಿಕ್ಕಿತು.

ಅವನ ತಕರಾರು ‘ಸ್ಮಿತ್ ವರ್ಸಸ್ ಮೇರಿಲ್ಯಾಂಡ್’ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. 1979ರಲ್ಲಿ 5-3ರ ತೀರ್ಪು ಬಂತು: ಸಂಖ್ಯೆಯನ್ನು ತಾನಾಗಿಯೇ ಕಂಪನಿಗೆ ಕೊಟ್ಟವನು ಅದು ಗುಟ್ಟಾಗಿರಲಿ ಎಂದು ನಿರೀಕ್ಷಿಸುವಂತಿಲ್ಲ. ಕರೆಗಳ ಪಟ್ಟಿಯೇ ಒಬ್ಬನ ಖಾಸಗಿ ಬದುಕನ್ನು ತೆರೆದಿಡಬಲ್ಲದು ಎಂದು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್ ಭಿನ್ನಮತ ಬರೆದರು. ಫೋನನ್ನೇ ತೊರೆಯದೆ ತಪ್ಪಿಸಿಕೊಳ್ಳಲಾಗದ ಅಪಾಯವನ್ನು ಸ್ವಂತ ಆಯ್ಕೆ ಎನ್ನುವುದು ಹೇಗೆ ಎಂಬುದು ಥರ್ಗುಡ್ ಮಾರ್ಷಲ್ ಅವರ ಆಕ್ಷೇಪ.

ಒಬ್ಬ ದರೋಡೆಕೋರನ ಮೇಲೆ ಕೊಟ್ಟ ತೀರ್ಪು ಅವನೊಬ್ಬನಿಗೇ ನಿಲ್ಲಲಿಲ್ಲ. ವೆರಿಜಾನ್ ಕಂಪನಿ ಲಕ್ಷಾಂತರ ಗ್ರಾಹಕರ ಕರೆ ವಿವರಗಳನ್ನು ಪ್ರತಿದಿನ ಸರ್ಕಾರಕ್ಕೆ ಒಪ್ಪಿಸುತ್ತಿದ್ದುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದಾಗ, ಸರ್ಕಾರ ಸಮರ್ಥನೆಗೆ ಹಿಡಿದದ್ದು ಇದೇ ತೀರ್ಪನ್ನು.

ಮದ್ದು ಹುಡುಕುವ ಕೆಲಸ ಮಾತ್ರ ಬಹಳ ಮೊದಲೇ ಶುರುವಾಗಿತ್ತು. 1981ರಲ್ಲಿ ಡೇವಿಡ್ ಚಾಮ್ ಎಂಬ ಸಂಶೋಧಕ ಒಂದು ಉಪಾಯ ಸೂಚಿಸಿದ. ನಡುವಿನ ಕಂಪ್ಯೂಟರೊಂದು ಹಲವರ ಸಂದೇಶಗಳನ್ನು ಒಟ್ಟುಮಾಡಿ, ಹೊರಲಕೋಟೆ ಬಿಚ್ಚಿ, ಕಲಸಿ ಮುಂದಕ್ಕೆ ಕಳಿಸಬೇಕು. ಆಗ ಯಾರದ್ದು ಯಾರಿಗೆ ಹೋಯಿತೆಂದು ಹೊರಗೆ ನಿಂತು ನೋಡುವವರಿಗೆ ತಿಳಿಯದು.

ಇಂದು ವಾಟ್ಸಾಪ್‌ನಲ್ಲಿ ನಮ್ಮ ಮಾತಿಗೆ ಬೀಗವಿದೆ. ಆದರೆ ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಎಂಬುದು ಆ ಬೀಗದೊಳಗಿಲ್ಲ. ಸಿಗ್ನಲ್ ಬೇರೆ ದಾರಿ ಹಿಡಿಯಿತು: ಇಟ್ಟುಕೊಂಡರೆ ತಾನೇ ಕೊಡಬೇಕಾಗುವುದು? 2016ರಲ್ಲಿ ನ್ಯಾಯಾಲಯದ ಸಮನ್ಸ್ ಬಂದಾಗ ಅದರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. 2018ರಲ್ಲಿ ಅದು ಕಳಿಸಿದವರ ಹೆಸರನ್ನೂ ಲಕೋಟೆಯೊಳಗೆ ಸೇರಿಸಿತು. ಆದರೂ ತಲುಪಬೇಕಾದವರ ವಿಳಾಸ ಹೊರಗೆ ಇರಲೇಬೇಕು.

ನಮ್ಮಲ್ಲಿ 2021ರ ತಿದ್ದುಪಡಿಯ ಪ್ರಕಾರ ದೂರಸಂಪರ್ಕ ಕಂಪನಿಗಳು ಕರೆ ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಪಿಡಬೇಕು. ಕ್ಯಾನ್ಸರ್ ಆಸ್ಪತ್ರೆಗೆ ಬೆಳಿಗ್ಗೆ ಒಂದು ಕರೆ, ಬೆನ್ನಿಗೇ ಅಮ್ಮನಿಗೆ ಇನ್ನೊಂದು. ಆಡಿದ ಮಾತು ಯಾರಿಗೂ ಕೇಳಿಸಿಲ್ಲ. ಕೇಳಿಸಬೇಕಾಗಿಯೂ ಇಲ್ಲ.